ಮಾವನ ಮೂರು ಬೆರಳು

ನನ್ನ ಸೋದರಮಾವನನ್ನು ಬೀದಿಯವರು ಮೀನುಮಾವ ಅಂತ ಕರೆಯುತ್ತಿದ್ದರು. ಅವರು ಮೀನು ಹಿಡಿಯುವವರಲ್ಲ, ತಿನ್ನುವವರೂ ಅಲ್ಲ. ಗಾಜಿನ ತೊಟ್ಟಿಗಳಲ್ಲಿ ಬಣ್ಣದ ಮೀನು ಸಾಕಿ ಮಾರುವುದು ಅವರ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಳಗೆ ಕಾಲಿಟ್ಟರೆ ಸೆಕೆ ಮುಖಕ್ಕೆ ಬಡಿಯುತ್ತಿತ್ತು. ಮೂರು ಗೋಡೆಗೂ ತೊಟ್ಟಿಗಳು, ಗಾಳಿ ಊದುವ ಪಂಪುಗಳ ಗುರುಗುರು, ಪಾಚಿಯ ವಾಸನೆ. ಇದ್ದ ಒಂದೇ ಕುರ್ಚಿಯ ಮೇಲೆ ಜಲ್ಲಿಕಲ್ಲಿನ ಚೀಲ ಕೂತಿರುತ್ತಿತ್ತು. ಗಿರಾಕಿ ನಿಂತೇ ಇರಬೇಕು. ಕೂತ ಗಿರಾಕಿ ಮಾತು ಜಾಸ್ತಿ ಆಡುತ್ತಾನೆ, ಮೀನು ಕಡಿಮೆ ಕೊಳ್ಳುತ್ತಾನೆ ಅನ್ನುವುದು ಮಾವನ ಸಿದ್ಧಾಂತ.

ಮಾವನಿಗೆ ಕೋಪ ಮೂಗಿನ ತುದಿಯಲ್ಲೇ. ಮೀನು ಸತ್ತಿತೆಂದು ಯಾರಾದರೂ ಮುಖ ಸಪ್ಪೆ ಮಾಡಿಕೊಂಡು ಬಂದರೆ ಮೊದಲು ಅವರಿಗೇ ಮಂಗಳಾರತಿ. “ಹಗಲು ಬಿಸಿ, ರಾತ್ರಿ ತಣ್ಣಗೆ, ಹಾಗೆ ಬಿಟ್ಟಿದ್ದೀರಿ ನೀರನ್ನ. ನಿಮಗೆ ಚಳಿಯಾದ್ರೆ ಕಂಬಳಿ ಹೊದ್ಕೋತೀರಿ. ಅದೇನು ಹೊದ್ಕೋಬೇಕು, ಪಾಚೀನಾ?” ಇವು ಬೆಚ್ಚನೆಯ ನದಿಗಳ ಜಾತಿ, ನೀರು ಸದಾ ಒಂದೇ ಹದದಲ್ಲಿರಬೇಕು, ಹದ ಏರುಪೇರಾದರೆ ಮೈಮೇಲೆ ಬಿಳಿ ಚುಕ್ಕೆ ಏಳುತ್ತದೆ, ಮೇವು ಬಿಟ್ಟು ಮೂಲೆ ಹಿಡಿಯುತ್ತವೆ ಅಂತ ಪಾಠ ಶುರುವಾಗುತ್ತಿತ್ತು. ಪಾಠದ ಕೊನೆಗೆ ಒಂದು ಹೀಟರು, ಒಂದು ಥರ್ಮಾಮೀಟರು ಮಾರಿಯೇ ಕಳಿಸುತ್ತಿದ್ದರು.

ಅವರ ಸ್ವಂತ ತೊಟ್ಟಿಗಳಲ್ಲಿ ಹೀಟರಿತ್ತು, ಥರ್ಮಾಮೀಟರು ಮಾತ್ರ ಒಂದೂ ಇರಲಿಲ್ಲ. “ಅದು ಗಿರಾಕಿಗಳಿಗೆ,” ಅನ್ನುತ್ತಿದ್ದರು. ಬಲಗೈಯ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಸೇರಿಸಿ, ಉಪ್ಪಿನ ಚಿಟಿಕೆ ತೆಗೆಯುವ ಹಾಗೆ ನೀರಿಗೆ ಅದ್ದಿ ಕಣ್ಣು ಮುಚ್ಚುತ್ತಿದ್ದರು. “ಇಪ್ಪತ್ತೆಂಟು,” ಎಂದು ತೀರ್ಪು ಕೊಡುತ್ತಿದ್ದರು. ಚಿಕ್ಕವಳಿದ್ದಾಗ ನಾನು ಕದ್ದು ಥರ್ಮಾಮೀಟರು ಇಟ್ಟು ನೋಡಿದ್ದೇನೆ. ಇಪ್ಪತ್ತೆಂಟೇ ಇರುತ್ತಿತ್ತು. ವಾರಕ್ಕೊಮ್ಮೆ ನೀರು ಬದಲಿಸುವಾಗಲೂ ಅಷ್ಟೆ. ಬಕೆಟ್ಟಿನ ತಣ್ಣೀರಿಗೆ ಕಾಯಿಸಿದ ನೀರು ಬೆರೆಸುತ್ತ, ಬೆರಳು ಅದ್ದಿ ನೋಡುತ್ತ, ತೊಟ್ಟಿಯ ನೀರಿನ ಹದಕ್ಕೆ ಬಂದ ಮೇಲೇ ಸುರಿಯುತ್ತಿದ್ದರು. ಆ ಬೆರಳುಗಳ ಬಗ್ಗೆ ಅವರಿಗಿದ್ದ ಜಂಬ ನೋಡಿ ನಾವು ನಗುತ್ತಿದ್ದೆವು, ಆದರೆ ಅದು ಪೊಳ್ಳು ಜಂಬವಲ್ಲ.

ನೀರು ಮಾವನದು, ಮರಿಗಳು ಅತ್ತೆಯದು. ಅತ್ತೆಗೆ ಮಾತು ಕಡಿಮೆ, ಕಣ್ಣು ಚುರುಕು. ಯಾವ ಮೀನು ಮಂಕಾಗಿದೆ, ಯಾವುದು ಮೊಟ್ಟೆಯಿಡಲು ಜಾಗ ಹುಡುಕುತ್ತಿದೆ ಅನ್ನುವುದು ಮೊದಲು ತಿಳಿಯುತ್ತಿದ್ದದ್ದು ಅವರಿಗೇ. ಒಂದು ವರ್ಷ ಅವರ ಆರೈಕೆಯಲ್ಲಿ ಡಿಸ್ಕಸ್ ಜೋಡಿಯೊಂದು ಮರಿ ಮಾಡಿತು. ಡಿಸ್ಕಸ್ ಅಂದರೆ ತಟ್ಟೆಯ ಹಾಗೆ ಚಪ್ಪಟೆಯಾಗಿ ದುಂಡಗಿರುವ ಮೀನು, ಬಲು ನಾಜೂಕು. ಅದರ ಮರಿಗಳು ಅಪ್ಪ ಅಮ್ಮನ ಮೈಗೇ ಅಂಟಿಕೊಂಡು, ಆ ಮೈಯ ಲೋಳೆಯನ್ನೇ ಮೇಯುತ್ತವೆ. ಅತ್ತೆ ಕೈಲಿದ್ದ ಕೆಲಸ ಬಿಟ್ಟು ಬಂದು ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. ಆ ಕೋಣೆಯಲ್ಲಿ ಕೂರುವ ಹಕ್ಕಿದ್ದದ್ದು ಅವರೊಬ್ಬರಿಗೆ. “ನೋಡೇ, ಅಪ್ಪನಿಗೆ ಸುಸ್ತಾಯ್ತು. ಈಗ ಮಕ್ಕಳನ್ನೆಲ್ಲ ಅಮ್ಮನ ಕಡೆ ದಾಟಿಸ್ತಾನೆ,” ಎಂದು ನನಗೆ ತೋರಿಸುತ್ತಿದ್ದರು. ಅತ್ತೆ ಅಷ್ಟು ಖುಷಿಯಾಗಿದ್ದದ್ದನ್ನು ನಾನು ಮತ್ತೆ ಕಾಣಲಿಲ್ಲ.

ಆ ತೊಟ್ಟಿಗೆ ಮಾವ ನೀರು ಬದಲಿಸಿದ ದಿನ, ಸಂಜೆ ನಾನು ಹೋಗುವಷ್ಟರಲ್ಲಿ ಮರಿಗಳೆಲ್ಲ ತಳ ಸೇರಿದ್ದವು. ದೊಡ್ಡ ಜೋಡಿ ಮಗ್ಗುಲಾಗಿ ತೇಲುತ್ತಿತ್ತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಮಾವ ಬೆರಳು ಅದ್ದಿದರು.

“ನೀರು ತಣ್ಣಗಿದೆ,” ಅಂದವರೇ ಅತ್ತೆಯ ಕಡೆ ತಿರುಗಿದರು. “ಹೀಟರ್ ಪ್ಲಗ್ ಕಿತ್ತಿದ್ಯಾ?”

“ಇಲ್ಲಾರೀ, ನಾನು ಮುಟ್ಟೇ ಇಲ್ಲ.”

“ಮತ್ತೆ ತಾನಾಗೇ ತಣ್ಣಗಾಯ್ತಾ? ಹಿಂದೆ ಒಂದ್ಸಲ ಇಸ್ತ್ರಿ ಪೆಟ್ಟಿಗೆಗೆ ಅಂತ ಕಿತ್ತಿರಲಿಲ್ವಾ ನೀನು?”

“ಕಿತ್ತಿದ್ದೆ. ಕಿತ್ತೆ ಅಂತ ನಾನೇ ಬಂದು ಹೇಳಿದ್ದೆ. ಇವತ್ತು ಹಾಗಲ್ಲ, ನನ್ನ ಮಾತು ಸ್ವಲ್ಪ ಕೇಳಿ—”

“ಸುಳ್ಳಿ! ಇನ್ಮೇಲೆ ಈ ತೊಟ್ಟಿಗಳ ಹತ್ರ ಸುಳೀಬೇಡ.”

ಹೀಟರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ನಾನು ಅದನ್ನು ತೋರಿಸಿದೆ. “ಸಿಕ್ಕಿಬೀಳ್ತೀನಿ ಅಂತ ಈಗ ಹಾಕಿರ್ತಾಳೆ,” ಅಂದರು ಮಾವ. ನಮ್ಮಲ್ಲಿ ಒಬ್ಬರಾದರೂ ನೀರಿಗೆ ಕೈ ಹಾಕಿ ನೋಡಬಹುದಿತ್ತು. ನೋಡಲಿಲ್ಲ. ಮಾವ ಬೆರಳಿಟ್ಟು ಹೇಳಿದ ಮೇಲೆ ಇನ್ನೊಬ್ಬರು ಬೆರಳಿಡುವ ಪದ್ಧತಿಯೇ ಆ ಮನೆಯಲ್ಲಿರಲಿಲ್ಲ.

ಅಂದಿನಿಂದ ಅತ್ತೆ ಆ ಕೋಣೆಗೆ ಕಾಲಿಡಲಿಲ್ಲ. ಅಂಗಡಿಬೀದಿಗೆ ಹೋಗಬೇಕಾದರೂ ಹಿತ್ತಿಲ ಬಾಗಿಲಿಂದ ಸುತ್ತಿಕೊಂಡು ಹೋಗುತ್ತಿದ್ದರು. ಟೀ ಲೋಟವನ್ನು ಹೊಸ್ತಿಲ ಮೇಲೆ ಟಣ್ ಅಂತ ಕುಕ್ಕಿ ವಾಪಸಾಗುತ್ತಿದ್ದರು. ಮಾತು ಬಿಟ್ಟಿರಲಿಲ್ಲ, ಊಟಕ್ಕೆ ಬನ್ನಿ, ಕರೆಂಟು ಹೋಯಿತು, ಅಂಗಿ ಒಣಗಿದೆ, ಇಷ್ಟು ನಡೆಯುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರು ವರ್ಷಗಟ್ಟಲೆ ಉಂಡರು, ಮಲಗಿದರು, ಜಗಳ ಮಾತ್ರ ಎದ್ದೇ ಕೂತಿತ್ತು.

ಮೀನುಗಳು ಸಾಯುತ್ತಲೇ ಹೋದವು. ಮಾವ ಒಮ್ಮೆ ನಲ್ಲಿ ನೀರನ್ನು ಬೈದರು, ಒಮ್ಮೆ ಮೇವಿನ ಕಂಪನಿಯನ್ನು, ಒಮ್ಮೆ ಏರಿಳಿಯುವ ಕರೆಂಟನ್ನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಿರಾಕಿಗಳು ಕಡಿಮೆಯಾದರು. ನಾಜೂಕು ಜಾತಿಗಳನ್ನು ಒಂದೊಂದಾಗಿ ಬಿಟ್ಟು, ಯಾವ ನೀರಿಗೂ ಜಗ್ಗದ ಗಟ್ಟಿಪಿಂಡಗಳನ್ನಷ್ಟೇ ಉಳಿಸಿಕೊಂಡರು. ಒಂದು ದಿನ ಕಾಯಿಲೆ ಮೀನೊಂದನ್ನು ಬಟ್ಟಲಲ್ಲಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲ ತನಕ ಬಂದದ್ದನ್ನು ನಾನೇ ನೋಡಿದೆ. ಅತ್ತೆಗೆ ತೋರಿಸಲು ಬಂದಿದ್ದರು. ಅತ್ತೆ ಬೆನ್ನು ತಿರುಗಿಸಿ ತರಕಾರಿ ಹೆಚ್ಚುತ್ತಿದ್ದರು. ಮಾವ ಬಟ್ಟಲು ಹಿಡಿದುಕೊಂಡೇ ವಾಪಸು ಹೋದರು. ನನಗೆ ಇಬ್ಬರ ತಲೆಯನ್ನೂ ಹಿಡಿದು ಕುಟ್ಟಬೇಕು ಅನ್ನಿಸಿತು.

ಕಡೆಗೆ ವಿಷಯ ಬಯಲಾದದ್ದು ಗಾಜಿನಿಂದ. ಹಳೆಯ ತೊಟ್ಟಿಯೊಂದರ ಅಂಚು ಒಡೆದಿತ್ತು. ಮಾವ ಅದರೊಳಗೆ ಕೈಯಿಟ್ಟು ಪಾಚಿ ಉಜ್ಜುತ್ತ ನನ್ನೊಂದಿಗೆ ಹರಟುತ್ತಿದ್ದರು. ನೀರು ಕೆಂಪಾಗತೊಡಗಿತು. ನಾನು ಕಿರುಚಿದೆ. ಮಾವ ಕೈ ಎತ್ತಿ ನೋಡಿದರು. ತೋರುಬೆರಳು ಆಳವಾಗಿ ಸೀಳಿತ್ತು. “ಯಾವಾಗಾಯ್ತು ಇದು?” ಎಂದು ನನ್ನನ್ನೇ ಕೇಳಿದರು.

ಡಾಕ್ಟರು ಹೊಲಿಗೆ ಹಾಕಿ, ಆಮೇಲೆ ಎರಡು ಗಾಜಿನ ನಳಿಗೆ ತಂದರು. ಒಂದರಲ್ಲಿ ಬಿಸಿ ನೀರು, ಒಂದರಲ್ಲಿ ತಣ್ಣೀರು. ಮಾವನ ಕಣ್ಣು ಮುಚ್ಚಿಸಿ ಒಂದೊಂದಾಗಿ ಹೆಬ್ಬೆರಳಿಗೂ ನಡುಬೆರಳಿಗೂ ತಾಗಿಸಿದರು.

“ಯಾವುದು ಬಿಸಿ?”

“ಎರಡೂ ಒಂದೇ,” ಅಂದರು ಮಾವ. ಮತ್ತೆ ತಾಗಿಸಿದರು. “ಎರಡೂ ಒಂದೇ ಅಲ್ವಾ?” ಕಿರುಬೆರಳಿಗೆ ತಾಗಿಸಿದಾಗ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡರು.

ವರ್ಷಾನುಗಟ್ಟಲೆ ಬಕೆಟ್ಟು ಎತ್ತಿ, ಗಾಜು ಉಜ್ಜಿ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಆ ಮೂರು ಬೆರಳಿಗೆ ಹೋಗುವ ನರವೇ ಅದು ಅಂದರು ಡಾಕ್ಟರು. “ಜೋಮು ಶುರುವಾದಾಗಲೇ ಬಂದಿದ್ರೆ ಸಣ್ಣ ಆಪರೇಷನ್‌ನಲ್ಲಿ ಸರಿಹೋಗ್ತಿತ್ತು. ಈಗ ಹೋದದ್ದು ವಾಪಸು ಬರೋದು ಕಷ್ಟ.” ಮಾವ ಅದನ್ನು ಕೇಳಿಸಿಕೊಂಡರೋ ಇಲ್ಲವೋ. ಹೊರಗೆ ಮೆಟ್ಟಿಲ ಮೇಲೆ ಕೂತುಬಿಟ್ಟರು. “ಅವಳು ಹೀಟರ್ ಮುಟ್ಟಿರಲಿಲ್ಲ ಕಣೇ,” ಅಂದರು. “ನೀರು ತಣ್ಣಗಿರಲೇ ಇಲ್ಲ.”

ಮನೆಗೆ ಬಂದವರೇ ನೇರವಾಗಿ ಅಡುಗೆಮನೆಗೆ ಹೋದರು. ನಾನೂ ಹಿಂದೆಯೇ ಹೋದೆ. ಬೆರಳು ಸತ್ತಿದ್ದನ್ನು, ತಿಳಿಯದೆ ತಾನೇ ಸುಡುನೀರು ಹುಯ್ದದ್ದನ್ನು ಮಾವ ಒಂದೇ ಉಸಿರಿಗೆ ಹೇಳಿದರು. “ನಿನ್ನ ಮರಿಗಳನ್ನ ಕೊಂದದ್ದು ನಾನು. ನಿನ್ನನ್ನ ಸುಳ್ಳಿ ಅಂದದ್ದೂ ನಾನು. ತಪ್ಪಾಯ್ತು ಕಣೇ.”

ಅತ್ತೆ ಒಲೆ ಆರಿಸಿದರು. ಇನ್ನು ಇಬ್ಬರೂ ಅತ್ತು ಹಗುರಾಗುತ್ತಾರೆ ಅಂತ ನಾನು ಅಂದುಕೊಂಡೆ.

“ನಂಗೆ ಗೊತ್ತಿತ್ತು,” ಅಂದರು ಅತ್ತೆ. “ಅವತ್ತು ನೀವು ಬಕೆಟ್ ಎತ್ತುವಾಗ ನೀರು ಚೆಲ್ಲಿ ನನ್ನ ಕಾಲ ಮೇಲೆ ಬಿತ್ತು. ಚುರ್ ಅಂತು. ನೀವು ಅದರಲ್ಲೇ ಬೆರಳು ಅದ್ದಿ ಹದವಾಗಿದೆ ಅಂದಿದ್ರಿ. ನೀವು ಅಂದ ಮೇಲೆ ಸರಿಯೇ ಇರಬೇಕು ಅಂದ್ಕೊಂಡೆ. ಮೀನು ಸತ್ತ ಮೇಲೆ ಅರ್ಥ ಆಯ್ತು, ನಿಮ್ಮ ಬೆರಳಿಗೆ ಏನೋ ಆಗಿದೆ ಅಂತ. ಹೇಳೋಕೆ ಬಂದೆ, ಸುಳ್ಳಿ ಅಂದ್ರಿ. ಹಾಗಾದ್ರೆ ತಾವೇ ತಿಳ್ಕೊಳ್ಳಲಿ ಅಂತ ಸುಮ್ಮನಾದೆ.”

ಮಾವ ತಲೆಯಾಡಿಸಿದರು. ಅತ್ತೆ ಅವರ ಬ್ಯಾಂಡೇಜು ಸುತ್ತಿದ ಕೈಯನ್ನು ನೋಡಿ ನನ್ನ ಕಡೆ ತಿರುಗಿದರು. “ಡಾಕ್ಟ್ರು ಏನಂದ್ರು? ಸರಿಹೋಗುತ್ತಂತಾ?”

ಮಾವನೇ ಹೇಳಿದರು. “ಆವಾಗ್ಲೇ ಬಂದಿದ್ರೆ ಹೋಗ್ತಿತ್ತಂತೆ.”

ಅತ್ತೆ ಇದ್ದಲ್ಲೇ ಕುಸಿದು ಕೂತರು. “ಮೀನಿನ ಮೇಲಿನ ಹಠಕ್ಕೆ ನಿಮ್ಮ ಕೈಯನ್ನೇ ಕಳೆದೆನಲ್ರೀ,” ಅಂದರು. “ಒಂದು ಮಾತು ಹೇಳಬೇಕಿತ್ತು. ಒಂದೇ ಒಂದು ಮಾತು.” ಮಾವ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತರು. ಇಬ್ಬರಲ್ಲಿ ಯಾರನ್ನು ಸಮಾಧಾನ ಮಾಡಬೇಕೋ ನನಗೆ ತಿಳಿಯಲಿಲ್ಲ.