ಅಪ್ಪನ ಕಂಪ್ಯೂಟರಿನೊಳಗಿನ ಹಳೇ ಡಿಸ್ಕು

ಬೆಳಗಿನ ಐದೂವರೆ. ಬೆಟಗೇರಿಯ ಓಣಿಯಲ್ಲಿ ನಳದ ಮುಂದೆ ಇನ್ನೂ ಒಂದು ಕೊಡವೂ ಬಂದು ಕೂತಿಲ್ಲ. ಅರ್ಧ ಎತ್ತಿದ ಶಟರ್‌ನ ಮುಂದೆ ಬ್ಲೋವರ್ ಮಾತ್ರ ಬುರ್ರೆಂದು ಕೂಗುತ್ತಿದೆ. ಮೂಗಿಗೆ ಟವೆಲ್ ಕಟ್ಟಿಕೊಂಡ ಕೊಟ್ರೇಶ, ಯಾವುದೋ ಕಚೇರಿಯವರು ಹೊರಹಾಕಿದ ಕಂಪ್ಯೂಟರಿನ ಹೊಟ್ಟೆಯಿಂದ ಹತ್ತು ವರ್ಷದ ಧೂಳು ಹಾರಿಸುತ್ತಿದ್ದಾರೆ. ಎದುರಿನ ಮಿರ್ಚಿ ಭಜಿ ಅಂಗಡಿಯ ಒಲೆ ಹೊತ್ತುವುದರೊಳಗೆ ಈ ಕೆಲಸ ಮುಗಿಯಬೇಕು. "ಒಮ್ಮೆ ತಡಾ ಮಾಡಿದ್ದೆ ನೋಡ್ರಿ, ಕಲಸಿಟ್ಟ ಹಿಟ್ಟಿನ ಮ್ಯಾಲೆಲ್ಲಾ ಧೂಳು ಕುಂತಿತ್ತು. ಅವತ್ತಿಂದ ಜಲ್ದಿ ಎದ್ದು ಬರ್ತೇನಿ," ಎನ್ನುತ್ತಾರೆ.

ಧೂಳು ಹೋದ ಮೇಲೆ ಜೇಬಿನಿಂದ ಶಾಲೆ ಮಕ್ಕಳ ರಬ್ಬರು ಹೊರಬರುತ್ತದೆ. ಮಂಕಾದ ರ‍್ಯಾಮ್ ಪಟ್ಟಿಯ ಹಿತ್ತಾಳೆ ಬಣ್ಣದ ಅಂಚನ್ನು ಅದರಿಂದ ತಿಕ್ಕಿ, ಊದಿ, ಮತ್ತೆ ಕೂರಿಸಿದರೆ ಸತ್ತಿದ್ದ ಯಂತ್ರ ಪಿಳಿಪಿಳಿ ಕಣ್ಣು ಬಿಡುತ್ತದೆ. ಹನ್ನೆರಡು ವರ್ಷಗಳಿಂದ ಕೊಟ್ರೇಶ ಮಾಡುತ್ತಿರುವುದು ಇದನ್ನೇ. ಹೊಸದು ಕೊಳ್ಳಲಾಗದವರಿಗೆ, ಒಂದಿಷ್ಟು ಹಳೆಯ ಭಾಗ, ಒಂದಿಷ್ಟು ಹೊಸ ಭಾಗ ಕೂಡಿಸಿ, ಹದಿನೈದು ಸಾವಿರದೊಳಗೆ ಕಂಪ್ಯೂಟರ್ ಕಟ್ಟಿಕೊಡುವುದು. ವಾರಕ್ಕೆರಡು ಹೊಸದಾಗಿ ಏಳುತ್ತವೆ, ದಿನಕ್ಕೆ ನಾಲ್ಕೈದು ದುರಸ್ತಿಗೆ ಬರುತ್ತವೆ. ಲಕ್ಷ್ಮೇಶ್ವರದ ಝೆರಾಕ್ಸ್ ಅಂಗಡಿಗಳಲ್ಲಿ, ಶಿರಹಟ್ಟಿಯ ಟೈಪಿಂಗ್ ಕ್ಲಾಸಿನಲ್ಲಿ ಇವರ ಕೈಯ ಯಂತ್ರಗಳು ಇಂದಿಗೂ ಓಡುತ್ತಿವೆ. ಯಾವುದರ ಮೇಲೂ ಕೊಟ್ರೇಶರ ಹೆಸರಿಲ್ಲ.

ಇಂಥವರನ್ನು ಹೊಗಳಿ ಬರೆಯುವುದು ಸುಲಭ. ಆದರೆ ಹೊಗಳಿಸಿಕೊಳ್ಳಲು ಕೊಟ್ರೇಶ ತಯಾರಿಲ್ಲ. "ಬರಿಯೂದಾದ್ರ ನಾ ಮಾಡಿದ್ದ ಹೊಲಸು ಕೆಲಸಾನೂ ಬರೀರಿ. ಇಲ್ಲಾಂದ್ರ ಬ್ಯಾಡ್ರಿ," ಎಂದು ಮೊದಲೇ ಕರಾರು ಹಾಕಿಬಿಟ್ಟಿದ್ದಾರೆ. ಹೇಳುವಾಗ ಅವರ ಕಣ್ಣು ನಮ್ಮ ಕಡೆ ಇರುವುದಿಲ್ಲ, ಸ್ಕ್ರೂಗಳ ಡಬ್ಬಿಯ ಕಡೆ ಇರುತ್ತದೆ.

ಕೊಟ್ರೇಶರ ತಂದೆ ಹುಚ್ಚೀರಪ್ಪ ನೇಕಾರರು. ಮಗ್ಗದ ಕೆಲಸ ನಿಂತ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಸೀರೆ ಗಂಟು ಹೊತ್ತು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಿರುಗಿದವರಿಗೆ ಯಾರ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಮಕ್ಕಳಿದ್ದಾರೆ ಎಂಬುದು ಬಾಯಿಪಾಠ. ನೇಯುವಾಗ ಕಾಲು ಇಳಿಬಿಡುತ್ತಿದ್ದ ಮಗ್ಗದ ಕುಣಿ ಮುಚ್ಚಿಸಿ, ಅದರ ಮೇಲೊಂದು ಮೇಜು ಹಾಕಿಸಿ, ಮನೆಯಲ್ಲೇ ವಧು-ವರರ ಕೇಂದ್ರ ತೆರೆದರು. ಎರಡು ವರ್ಷಗಳ ಹಿಂದೆ ಮಗನಿಗೆ ಹೇಳಿದರು: "ನನಗೂ ಒಂದು ಕಂಪ್ಯೂಟರ್ ಕಟ್ಟಿಕೊಡೋ. ಭಾರಿದು ಬ್ಯಾಡ. ಬಯೋಡಾಟಾ ಇಡಾಕ, ಫೋಟೋ ಕಳಸಾಕ ಆದ್ರ ಸಾಕು."

ಕೊಟ್ರೇಶ ಖುಷಿಯಿಂದಲೇ ಕಟ್ಟಿದರು. ಕಣ್ಣಿಗೆ ಹಿತವೆಂದು ದೊಡ್ಡ ಮಾನಿಟರ್, ದಪ್ಪ ಅಕ್ಷರದ ಕೀಬೋರ್ಡ್, ಎಲ್ಲ ಮಾಹಿತಿ ಉಳಿಯುವ ಜಾಗವೆಂದು ಹೊಚ್ಚ ಹೊಸ ಹಾರ್ಡ್ ಡಿಸ್ಕ್. ಆದರೆ ಜೋಡಿಸುವ ದಿನ ಸುಶ್ಮಿತಾ ಎಂಬ ಶಿಕ್ಷಕಿ ಕೆಟ್ಟ ಯಂತ್ರ ಹಿಡಿದು ಬಂದರು, ಸಂಜೆಯೊಳಗೆ ಬೇಕೇ ಬೇಕು ಎಂದರು. ತಂದೆಗೆಂದು ತಂದಿದ್ದ ಹೊಸ ಡಿಸ್ಕು ಅವರ ಪಾಲಾಯಿತು. ತಂದೆಯ ಯಂತ್ರಕ್ಕೆ ಗುಜರಿಯಿಂದ ಬಂದಿದ್ದ ಹಳೆಯದು ಕೂತಿತು. ಅದು ಆಗಲೇ ಟಿಕ್ ಟಿಕ್ ಎನ್ನುತ್ತಿತ್ತು. ಆ ಸದ್ದಿನ ಅರ್ಥ, ಡಿಸ್ಕು ಇನ್ನು ಬಹಳ ದಿನ ಬಾಳದು ಎಂಬುದು, ಈ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. "ಮನ್ಯಾಂದಲ್ರೀ, ಮುಂದಿನ ವಾರ ಬದಲಿ ಮಾಡಿದ್ರಾತು ಅಂದೆ. ಆ ವಾರ ಬರಲೇ ಇಲ್ರಿ. ಗಿರಾಕಿಗೆ ಹಂಗ ಮಾಡೇನೇನು ನಾ? ಅಪ್ಪಗ ಮಾಡಿದೆ." ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಮಾತನ್ನು ತಾಯಿ ರೇಣುಕವ್ವ ಆಮೇಲೆ ಹತ್ತು ಸಲವಾದರೂ ಅಂದಿದ್ದಾರಂತೆ.

ಆರು ತಿಂಗಳಲ್ಲಿ ಹುಚ್ಚೀರಪ್ಪ ನಾನೂರಕ್ಕೂ ಹೆಚ್ಚು ಬಯೋಡಾಟಾ ತುಂಬಿದರು, ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ. ಒಂದು ಬೆಳಿಗ್ಗೆ ಯಾವುದೋ ಕೀಲಿ ಒತ್ತಿದರು, ಪರದೆ ಕಪ್ಪಾಯಿತು. ಕೊಟ್ರೇಶ ಅಂಗಡಿಯಿಂದ ಓಡಿ ಬಂದು ಕ್ಯಾಬಿನೆಟ್‌ಗೆ ಕಿವಿ ಹಚ್ಚಿದರು. ಡಿಸ್ಕು ಸತ್ತಿತ್ತು. ಗಿರಾಕಿಗಳಿಗೆಲ್ಲ ಪೆನ್ ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಡಿರಿ ಎಂದು ಬುದ್ಧಿ ಹೇಳುವವರ ಮನೆಯಲ್ಲೇ ಪ್ರತಿ ಇರಲಿಲ್ಲ.

ಆಗ ತಂದೆ ಕೇಳಿದರು: "ನಾ ಏನರ ತಪ್ಪು ಒತ್ತಿದ್ನೇನೋ, ಕೊಟ್ರಾ?"

"ಹೂಂ. ಏನೋ ಒತ್ತಿರಬೇಕು."

ಅಷ್ಟೇ ಮಾತು. ಹುಬ್ಬಳ್ಳಿಗೆ ಒಯ್ದರೂ ಡಿಸ್ಕಿನಿಂದ ಏನೂ ಸಿಗಲಿಲ್ಲ. ಹಳೆಯ ವಹಿಯಲ್ಲಿ ಬರೆದಿಟ್ಟಿದ್ದಷ್ಟು ಉಳಿಯಿತು, ನೇರವಾಗಿ ಕಂಪ್ಯೂಟರಿಗೇ ತುಂಬಿದ್ದ ನಲವತ್ತೊಂದು ಮನೆಯವರ ವಿವರ ಪೂರ್ತಿ ಹೋಯಿತು. ಹುಚ್ಚೀರಪ್ಪ ಬಸ್ಸು ಹತ್ತಿದರು. ಒಂದೊಂದೇ ಮನೆಗೆ ಹೋಗಿ, ಕೈಮುಗಿದು, "ನನ್ನ ಕೈತಪ್ಪಿನಿಂದ ಅಳಿಸಿ ಹೋತ್ರಿ, ಇನ್ನೊಮ್ಮೆ ಕೊಡ್ರಿ," ಎಂದು ಕೇಳಿದರು. ಮಗ ಅಂಗಡಿಯಲ್ಲಿ ಕೂತು ಪರರ ಯಂತ್ರ ರಿಪೇರಿ ಮಾಡುತ್ತಿದ್ದರು.

ಹೀಗೆ ಎಂಟು ತಿಂಗಳು. ಹೇಳಬೇಕು ಎಂದು ದಿನಾ ಅನಿಸುತ್ತಿತ್ತು ಎನ್ನುತ್ತಾರೆ ಕೊಟ್ರೇಶ. ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದವರು ಬಾಗಿಲಲ್ಲೇ ನಿಂತರು. ಹೊಸ ಡಿಸ್ಕು ಹಾಕಿದ ಅದೇ ಕಂಪ್ಯೂಟರಿನ ಮುಂದೆ, ಓದು ಬಾರದ ರೇಣುಕವ್ವ ಕುರ್ಚಿಯಲ್ಲಿ ಕೂತಿದ್ದಾರೆ. ಹುಚ್ಚೀರಪ್ಪ ಪಕ್ಕದಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು, "ಆ ಉದ್ದನೇದು... ಹಾಂ, ಅದನ್ನ ಒತ್ತು. ನನ್ನ ಕೈ ಹಚ್ಚೂದಿಲ್ಲ ಮಾರಾಯ್ತಿ, ನನ್ನ ಕೈ ಖೊಟ್ಟಿ ಐತಿ," ಎನ್ನುತ್ತಿದ್ದಾರೆ. ಐವತ್ತು ವರ್ಷ ಮಗ್ಗದಲ್ಲಿ ಹರಿದ ಎಳೆಯನ್ನು ಕಣ್ಣು ಮುಚ್ಚಿ ಗಂಟು ಹಾಕಿದ ಕೈ ಅದು.

"ಆಗ ನನಗ ನಿಂದ್ರಾಕ ಆಗ್ಲಿಲ್ರಿ," ಎನ್ನುತ್ತಾರೆ ಕೊಟ್ರೇಶ. ಊಟದ ತಾಟಿನ ಮುಂದೆಯೇ ಎಲ್ಲ ಹೇಳಿಬಿಟ್ಟರು. ತಂದೆ ಬೈಯಲಿಲ್ಲ, ಹೊಡೆಯಲು ಕೈ ಎತ್ತಲಿಲ್ಲ. ರೊಟ್ಟಿ ಮುರಿಯುತ್ತ ಒಂದೇ ಮಾತು ಹೇಳಿದರು: "ನಲವತ್ತೊಂದು ಮನಿ ಮುಂದ ಕೈಮುಗದೇನಿ ನಾ. ಈಗ ನೀ ಬಂದು ಹೇಳು."

ಅಂದಿನಿಂದ ಭಾನುವಾರ ಅಂಗಡಿ ಬೆಳಗಿನ ಎಂಟಕ್ಕೇ ಮುಚ್ಚುತ್ತದೆ. ತಂದೆ-ಮಗ ಬಸ್ಸು ಹಿಡಿಯುತ್ತಾರೆ. ಒಬ್ಬೊಬ್ಬರು ನಕ್ಕು ಬಿಟ್ಟಿದ್ದಾರೆ, ಕೆಲವರು ಚಹಾ ಕೊಟ್ಟು ಕಳಿಸಿದ್ದಾರೆ, ಶಿರಹಟ್ಟಿಯಲ್ಲೊಬ್ಬರು ಮಗನ ಮುಖವನ್ನೂ ನೋಡದೆ ಒಳಗೆ ಹೋಗಿದ್ದಾರೆ. ಅಂಗಡಿಯಲ್ಲೂ ಒಂದು ಹೊಸ ಪದ್ಧತಿ ಬಂದಿದೆ. ಪ್ರತಿ ಕಂಪ್ಯೂಟರಿನ ಒಳಮೈಗೆ ಕೊಟ್ರೇಶ ಚೀಟಿ ಅಂಟಿಸುತ್ತಾರೆ: ಯಾವುದು ಹೊಸದು, ಯಾವುದು ಹಳೆಯದು, ಎಷ್ಟು ಹಳೆಯದು. ಚೀಟಿ ನೋಡಿ ಹಿಂದೆ ಸರಿದ ಗಿರಾಕಿಗಳೂ ಇದ್ದಾರೆ.

ಈ ಭಾನುವಾರ ಉಳಿದಿರುವುದು ಮುಂಡರಗಿಯ ಒಂದೇ ಮನೆ, ಬನಶಂಕರೆವ್ವನವರದು. ಕೊಟ್ರೇಶ ಏನಾದರೊಂದು ನೆವ ಹೇಳಿ ಮುಂದೂಡುತ್ತ ಬಂದ ಮನೆ. ಅವರ ಮಗಳು ರೋಹಿಣಿಯನ್ನು ಲಕ್ಕುಂಡಿಯ ಒಂದು ಮನೆಯವರು ನೋಡಲು ಒಪ್ಪಿದ್ದರು. ಆ ಲಕ್ಕುಂಡಿಯವರ ಫೋನ್ ನಂಬರು ಸತ್ತ ಡಿಸ್ಕಿನಲ್ಲಿತ್ತು. ಹುಚ್ಚೀರಪ್ಪ ಕೇಳುತ್ತ ಹುಡುಕಿಕೊಂಡು ಹೋಗುವುದರೊಳಗೆ, ಉತ್ತರ ಬರಲಿಲ್ಲವೆಂದು ಅವರು ಬೇರೆ ಕಡೆ ಮಾತು ಕೊಟ್ಟಿದ್ದರು. ರೋಹಿಣಿಗೆ ಇನ್ನೂ ಸಂಬಂಧ ಕೂಡಿಲ್ಲ. ನಾವೂ ಜೊತೆಗಿರುವ ಬಸ್ಸು ಡಂಬಳ ದಾಟಿ ಮುಂಡರಗಿ ತಲುಪುತ್ತದೆ.

"ಬರ್ರಿ, ಕುಂಡ್ರಿ," ಎಂದು ಬನಶಂಕರೆವ್ವ ನೀರು ತಂದಿಡುತ್ತಾರೆ. ಕೊಟ್ರೇಶ ಕೂರುವುದಿಲ್ಲ.

"ಅವ್ವಾರ, ಆ ಕಂಪ್ಯೂಟರ್ ನಮ್ಮಪ್ಪ ಕೆಡಿಸಿದ್ದಲ್ರಿ. ಕೆಟ್ಟಿದ್ದ ಡಿಸ್ಕು ನಾನ ಹಾಕಿದ್ದೆ, ಗೊತ್ತಿದ್ದೂ ಹಾಕಿದ್ದೆ. ಗೊತ್ತಿದ್ದೂ ಸುಮ್ಮನಿದ್ದೆ."

ಬನಶಂಕರೆವ್ವ ಹುಚ್ಚೀರಪ್ಪನವರ ಕಡೆ ನೋಡುತ್ತಾರೆ. "ಖರೆ ಏನ್ರಿ?" ಅವರು ಹೌದೆಂದು ತಲೆಯಾಡಿಸುತ್ತಾರೆ.

"ಅವತ್ತು ನಿಮ್ಮಪ್ಪಗ ನಾ ಏನಂದಿದ್ದೆ, ಹೇಳ್ಯಾರೇನು ನಿನಗ?"

"ಇಲ್ರಿ."

"ಹಂಗಾರ ಕೇಳು. ಕೈ ನಡುಗೂ ಮುದುಕ ಮನ್ಯಾಗ ಬಿದ್ದಿರೂದು ಬಿಟ್ಟು ಮಂದಿ ಮಕ್ಕಳ ಬಾಳೇವು ಯಾಕ ಕೆಡಸಾಕ ಹತ್ತೀರಿ ಅಂದಿದ್ದೆ. ಇನ್ನೊಮ್ಮೆ ಈ ಹೊಸ್ತಿಲಾ ತುಳೀಬ್ಯಾಡ್ರಿ ಅಂದಿದ್ದೆ. ಎದುರು ಮಾತಾಡ್ಲಿಲ್ಲ ಅವರು. ಹೋಗೂ ಮುಂದ ಮತ್ತ ಕೈಮುಗದ್ರು."

ಈ ಮಾತು ಕೊಟ್ರೇಶ ಕೇಳುತ್ತಿರುವುದು ಇದೇ ಮೊದಲು. ಬನಶಂಕರೆವ್ವ ಸೆರಗು ಸರಿಮಾಡಿಕೊಂಡು ಹುಚ್ಚೀರಪ್ಪನವರಿಗೆ, "ತಪ್ಪಾತ್ರಿ ನಂದು," ಎನ್ನುತ್ತಾರೆ. "ಇರಲಿ ಬಿಡವ್ವಾ. ಹುಡುಗಿದು ಹೊಸಾ ಫೋಟೋ ಇದ್ರ ಕೊಡು. ಒಂದು ಮನಿ ಐತಿ ಮನಸ್ಸಿನ್ಯಾಗ," ಎಂದು ಅವರು ಜೋಳಿಗೆ ಬಿಚ್ಚುತ್ತಾರೆ.

ಮರಳುವ ಬಸ್ಸಿನಲ್ಲಿ ಹುಚ್ಚೀರಪ್ಪ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಾರೆ. ಮನಸ್ಸು ಹಗುರಾಯಿತೇ ಎಂದು ಕೇಳಿದರೆ ಕೊಟ್ರೇಶ ಇಲ್ಲವೆಂದು ತಲೆಯಲ್ಲಾಡಿಸುತ್ತಾರೆ. ಆಮೇಲೆ, ತಂದೆಗೆ ಎಚ್ಚರವಾಗದಂತೆ, ಮೆಲ್ಲಗೆ ಹೇಳುತ್ತಾರೆ:

"ಆ ಬೈಗಳ ನನ್ನವ ಇದ್ವು ರೀ. ಇಷ್ಟು ದಿನಾ ನಮ್ಮಪ್ಪ ಇಟಗೊಂಡಿದ್ದ. ಇವತ್ತು ನನಗ ಮುಟ್ಟಿದ್ವು."