ಎಲೂಬೆ ತುಂಬಿಸಿದ ಮೂರು ಬಾಟಲಿ

ಮುಲಾಂಜೆ ಬೆಟ್ಟದ ಬುಡದ ನಾಮಸೋಕೊ ಹಳ್ಳಿಯಲ್ಲಿ ಊರ ಕೈಪಂಪಿಗೆ ಬೆಳಿಗ್ಗೆ ಬೀಗ ತೆಗೆಯುವವಳು ಎಲೂಬೆ, ಸಂಜೆ ಹಾಕುವವಳೂ ಅವಳೇ. ಹನ್ನೊಂದು ವರ್ಷದಿಂದ ಇದೇ ನಡೆದು ಬಂದಿತ್ತು. ಪಂಪಿನ ಕಟ್ಟೆಯ ಮೇಲೆ ಬಟ್ಟೆ ಒಗೆದು ಅವಳ ಬಾಯಿಗೆ ಬಿದ್ದವರು ಎರಡನೇ ಸಲ ಆ ತಪ್ಪು ಮಾಡುತ್ತಿರಲಿಲ್ಲ.

ಹೊರಗಿನವರನ್ನು ನಂಬುವ ಜಾಯಮಾನ ಅವಳದಲ್ಲ. ಹಿಂದೊಮ್ಮೆ ಯಾರೋ ಬಂದು ಅವಳ ಮಗಳ ಬೆರಳು ಚುಚ್ಚಿ ರಕ್ತ ತೆಗೆದುಕೊಂಡು, ನೂರೆಂಟು ಪ್ರಶ್ನೆ ಕೇಳಿ, ಫಲಿತಾಂಶ ತಂದುಕೊಡುತ್ತೇವೆಂದು ಹೋದವರು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಮರುವರ್ಷ ರಕ್ತ ಹೀರುವವರು ತಿರುಗಾಡುತ್ತಿದ್ದಾರೆಂದು ಸುತ್ತಲ ಹಳ್ಳಿಗಳಲ್ಲಿ ಗುಲ್ಲೆದ್ದಿತು. ಎಲೂಬೆ ಆ ಮಾತನ್ನು ಪೂರ್ತಿ ನಂಬಲಿಲ್ಲ, ಪೂರ್ತಿ ತಳ್ಳಿಹಾಕಲೂ ಇಲ್ಲ.

ಹಾಗಾಗಿ ಮೆಕ್ಕೆಜೋಳದ ಕೊಯ್ಲು ಮುಗಿದ ವಾರ ಇಬ್ಬರು ವಿದ್ಯಾರ್ಥಿಗಳು ಬಾಡಿಗೆ ಸೈಕಲ್ಲುಗಳಿಂದ ಇಳಿದಾಗ ಅವಳು ಪಂಪಿನ ಹಿಡಿ ಬಿಟ್ಟು ಅಲ್ಲಾಡಲಿಲ್ಲ. ಹುಡುಗಿ ತಡಾಲ, ಹುಡುಗ ವೊಂಗಾನಿ. ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದುವವರು. ಊರೂರಿನ ನೀರಿಗೂ ಮಕ್ಕಳ ಭೇದಿಗೂ ಏನು ನಂಟೆಂದು ಹುಡುಕುತ್ತಿದ್ದರು.

"ಹನ್ನೊಂದು ವರ್ಷದಿಂದ ಇದೇ ನೀರು ಕುಡೀತಿದೀನಿ. ನಾನೇನು ಸತ್ತೋಳ್ ಥರ ಕಾಣ್ತೀನಾ?" ಎಂದಳು ಎಲೂಬೆ.

"ಹಾಗಲ್ಲ ಅಜ್ಜಿ, ಒಂದ್ಸಲ ಪರೀಕ್ಷೆ ಮಾಡೋಣ ಅಂತ..." ವೊಂಗಾನಿಯ ಮಾತಿನಲ್ಲಿ ಉತ್ತರದವರ ರಾಗವಿತ್ತು.

"ಯಾವೂರಪ್ಪಾ ನಿಂದು?"

"ರುಂಫಿ ಕಡೆ ಅಜ್ಜಿ."

"ಅಷ್ಟು ದೂರದಿಂದ ನಮ್ಮ ನೀರು ನೋಡೋಕ್ ಬಂದ್ಯಾ? ಯಾಕೆ, ನಿಮ್ಮೂರಿನ ನೀರು ಬತ್ತಿಹೋಯ್ತಾ?"

ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಹುಡುಗನ ಮುಖ ಸಣ್ಣದಾಯಿತು. ತಡಾಲ ಮಾತ್ರ ಜಗ್ಗಲಿಲ್ಲ. "ನಮ್ಮನ್ನ ನಂಬಬೇಡಿ ಅಜ್ಜಿ. ನೀರು ನೀವೇ ತುಂಬಿ. ಪರೀಕ್ಷೆ ನಿಮ್ಮನೇಲೇ ಆಗ್ಲಿ. ನಾವೇನೂ ಹೊತ್ಕೊಂಡ್ ಹೋಗಲ್ಲ."

ನಂಬಬೇಡಿ ಎನ್ನುವವರನ್ನು ಕಂಡರೆ ಎಲೂಬೆಗೆ ಇನ್ನೂ ಗುಮಾನಿ. ಇವರ ಬಣ್ಣ ಬಯಲು ಮಾಡಲೇಬೇಕೆಂದು ಮೂರು ಬಾಟಲಿ ಇಸಿದುಕೊಂಡು ಮನೆಗೆ ಹೋದಳು. ಎರಡಕ್ಕೆ ಪಂಪಿನ ನೀರನ್ನೇ ತುಂಬಿದಳು. ಮೂರನೆಯದಕ್ಕೆ ಒಲೆಯ ಮೇಲೆ ಕುದಿಸಿ ಆರಿಸಿದ ನೀರು. "ಮೂರೂ ಬೇರೆ ಬೇರೆ ಬಾವೀದು" ಎಂದು ಮುಖ ಗಂಟಿಕ್ಕಿಕೊಂಡೇ ಸುಳ್ಳು ಹೇಳಿದಳು. ಬಾಯಿಗೆ ಬಂದಂತೆ ಫಲಿತಾಂಶ ಹೇಳಿದರೆ ಊರ ಮುಂದೆ ಹಿಡಿದು ನಿಲ್ಲಿಸುವುದೇ ಅವಳ ಲೆಕ್ಕಾಚಾರ.

ವಿದ್ಯಾರ್ಥಿಗಳು ಅವಳೆದುರಿಗೇ ಮೂರು ಪ್ಲಾಸ್ಟಿಕ್ ಚೀಲಗಳಿಗೆ ನೀರು ಸುರಿದು, ಪುಡಿ ಬೆರೆಸಿ, ಬಾಯಿ ಮುಚ್ಚಿದರು. ಮಲದ ಕ್ರಿಮಿ ಇದ್ದರೆ ನೀರು ನೀಲಿಗೆ ತಿರುಗುತ್ತದೆ, ಎರಡು ದಿನ ಕಾಯಬೇಕು ಎಂದರು. ಎಲೂಬೆ ಚೀಲಗಳನ್ನು ತನ್ನ ಕೋಣೆಯಲ್ಲಿಟ್ಟು ಬೀಗ ಜಡಿದಳು.

ಮೂರನೆಯ ಬೆಳಿಗ್ಗೆ ವಿದ್ಯಾರ್ಥಿಗಳು ಬರುವ ಮೊದಲೇ ಬಾಗಿಲು ತೆರೆದು ನೋಡಿದಳು. ಕುದಿಸಿದ ನೀರು ಇಟ್ಟ ಹಾಗೇ ಇತ್ತು. ಪಂಪಿನ ನೀರಿನ ಎರಡೂ ಚೀಲ ಒಂದೇ ಸಮ ನೀಲಿಗಟ್ಟಿದ್ದವು. ಯಾವ ಚೀಲದಲ್ಲಿ ಯಾವ ನೀರಿದೆಯೆಂದು ಆ ಹುಡುಗರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ತಿಂಗಳಿಗೆರಡು ಸಲ ಹೊಟ್ಟೆ ಕೆಡುವ ಪುಟ್ಟ ಮೊಮ್ಮಗಳಿಗೆ ಮಾವಿನಕಾಯಿ ತಿಂದೆಯೆಂದು ತಾನೇ ಏಟು ಹಾಕಿದ್ದಳು.

ವಿದ್ಯಾರ್ಥಿಗಳು ಬಂದಾಗ ನಿಜ ಹೇಳಿದಳು. ಅವರು ಕೋಪಿಸಿಕೊಳ್ಳಲಿಲ್ಲ, ಪಂಪಿನ ಸುತ್ತ ಹೆಜ್ಜೆ ಅಳೆಯುತ್ತ ಹೋಗಿ, ಮೇಲಿನ ದಿಬ್ಬದ ಕಕ್ಕಸಿನ ಬಳಿ ನಿಂತರು. ಹದಿನಾಲ್ಕೇ ಹೆಜ್ಜೆ, ಗುಂಡಿಯ ಕೊಳೆ ನೆಲದೊಳಗೆ ಜಿನುಗಿ ಪಂಪಿನ ನೀರಿಗೆ ಸೇರುವಷ್ಟು ಹತ್ತಿರ. "ಇದು ಯಾರ್ದು ಅಜ್ಜಿ?" ಎಂದು ವೊಂಗಾನಿ ಕೇಳಿದ.

"ನಂದೇ" ಎಂದಳು ಎಲೂಬೆ.

ಅಂದೇ ಎಲೂಬೆ ಪಂಪಿಗೆ ಬೀಗ ಹಾಕಿದವಳು ಮತ್ತೆ ತೆಗೆಯಲಿಲ್ಲ. ಹೆಂಗಸರು ಬಿಂದಿಗೆ ಹೊತ್ತು ದೂರದ ಶಾಲೆಯ ಬಾವಿಗೆ ನಡೆಯಬೇಕಾಯಿತು. ಈಗ ಅನುಮಾನವೆಲ್ಲ ಎಲೂಬೆಯ ಮೇಲೆ ತಿರುಗಿತು. ಪಕ್ಕದ ಮನೆಯ ಫಗೇಸಿ ದಾರಿಗಡ್ಡ ನಿಂತು ಕೇಳಿಯೇ ಬಿಟ್ಟಳು:

"ಏನ್ ಕೊಟ್ರೇ ನಿಂಗೆ? ಸಕ್ಕರೆನೋ, ಸೋಪೋ?"

"ಏನೂ ಕೊಟ್ಟಿಲ್ಲ ಕಣೇ."

"ಸುಮ್ನೆ ಯಾರಾದ್ರೂ ಊರಿನ್ ನೀರು ನಿಲ್ಲಿಸ್ತಾರಾ?"

ಎಲೂಬೆ ಗುದ್ದಲಿ ತಂದು, ಎಲ್ಲರೂ ನೋಡುತ್ತಿದ್ದಂತೆ ತನ್ನ ಕಕ್ಕಸಿನ ಗೋಡೆ ಕೆಡವಿ ಗುಂಡಿ ಮುಚ್ಚಿದಳು. ಇಳಿಜಾರಿನ ಕೆಳಗೆ, ದೂರದಲ್ಲಿ ಹೊಸ ಗುಂಡಿ ತೋಡಿಸಿದಳು. ವಿದ್ಯಾರ್ಥಿಗಳು ತಮ್ಮ ಪ್ರಾಧ್ಯಾಪಕರನ್ನು ಕಾಡಿ ಸಿಮೆಂಟು ತರಿಸಿದರು. ಪಂಪಿನ ಕಟ್ಟೆಯ ಬಿರುಕು ಮುಚ್ಚಿ, ಅದರ ಕೆಳಗಿನ ಬಾವಿಗೆ ಕ್ರಿಮಿ ಕೊಲ್ಲುವ ಔಷಧಿ ಹಾಕಿದರು. ಮಳೆಗಾಲ ಕಳೆದ ಮೇಲೆ ಮತ್ತೆ ಬಂದರು. ಈ ಸಲ ನೀರು ತುಂಬಿದವಳು ಫಗೇಸಿ, ಚೀಲಗಳಿಗೆ ಕಾವಲಿದ್ದವಳೂ ಅವಳೇ. ಎರಡು ದಿನವಾದರೂ ಯಾವ ಚೀಲವೂ ನೀಲಿಯಾಗಲಿಲ್ಲ.

ಪಂಪು ಮತ್ತೆ ತೆರೆಯಿತು. ಆದರೂ ಫಗೇಸಿ ಮತ್ತೊಂದು ತಿಂಗಳು ನೀರು ಕುದಿಸಿಯೇ ಕುಡಿದಳು. ಅವಳಿಗೆ ಸೌದೆ ಸಾಲದಾದಾಗ ಎಲೂಬೆ ತನ್ನ ಹೊರೆಯಿಂದ ನಾಲ್ಕು ಕಡ್ಡಿ ತೆಗೆದು ಅವಳ ಬಾಗಿಲಲ್ಲಿಟ್ಟು ಬಂದಳು.