ಹೇಳದೆ ಬಿಟ್ಟರೆ ಯಾವುದು?

ನಮ್ಮ ಮೇಷ್ಟ್ರ ಬಲಗಿವಿಯ ಸಂದಿಯಲ್ಲಿ ಸದಾ ಒಂದು ಸೀಮೆಸುಣ್ಣದ ತುಂಡು ಇರುತ್ತಿತ್ತು. ಆ ಕಡೆಯ ಕೂದಲು ವಯಸ್ಸಿಗೆ ಮೊದಲೇ ನರೆತಂತೆ ಕಾಣುತ್ತಿತ್ತು. ಎಂಬತ್ತರ ದಶಕದ ಕೊನೆಯ ಮಾತು. ಕಡೂರಿನ ಒಂದು ಬಾಡಿಗೆ ಕೋಣೆಯಲ್ಲಿ ನಮ್ಮ ಐವರಿಗೆ ಅವರು ಕಂಪ್ಯೂಟರ್ ಪಾಠ ಹೇಳುತ್ತಿದ್ದರು. ಕಂಪ್ಯೂಟರ್ ಮಾತ್ರ ಇರಲಿಲ್ಲ. ಪ್ರೋಗ್ರಾಮನ್ನು ನೋಟ್‌ಬುಕ್ಕಿನಲ್ಲಿ ಬರೆದು, ಬೆರಳಿಟ್ಟು, ಸಾಲುಸಾಲಾಗಿ ನಾವೇ ಓಡಿಸಬೇಕಿತ್ತು.

ಅಡಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠದಲ್ಲಿ ಎಲ್ಲರೂ ಸಿಕ್ಕಿಹಾಕಿಕೊಂಡೆವು. ಅಂಕಿಯಾಗಲಿ ಹೆಸರಾಗಲಿ, ಏನು ಕೊಟ್ಟರೂ ಕ್ರಮವಾಗಿ ಜೋಡಿಸುವ ಒಂದೇ ಪ್ರೋಗ್ರಾಮು. ಎರಡರಲ್ಲಿ ಯಾವುದು ಚಿಕ್ಕದೆಂದು ಹೇಳುವ ಫಂಕ್ಷನ್ನನ್ನು ಬಳಸುವವರು ಕೊಡಬೇಕು. ಕೊಡದೆ ಬಿಟ್ಟರೆ? ಪುಸ್ತಕದಲ್ಲಿ ಆ ಜಾಗಕ್ಕೆ ಖಾಲಿ ಪೆಟ್ಟಿಗೆಯಂಥ ಗುರುತೊಂದಿತ್ತು. ಅದೇ ಡಿಫಾಲ್ಟು, ಅಂದರೆ ಹೇಳದೆ ಬಿಟ್ಟಾಗ ತಾನಾಗಿ ಬರುವುದು. ಅದು ಪ್ರೋಗ್ರಾಮು ಬರೆದವರದೋ ಬಳಸುವವರದೋ ಎಂಬುದೇ ತೊಡಕು.

"ಅಡಿಗೆ ಪುಸ್ತಕದಲ್ಲಿ ಹುಳಿ ಹಾಕಿ ಅಂತಷ್ಟೇ ಇದೆ ಅನ್ಕೊಳ್ಳಿ. ಯಾವ ಹುಳಿ? ಬರೆದೋರ ಮನೆ ಹುಳೀನೇ ಕಣ್ರೋ," ಎಂದರು ಮೇಷ್ಟ್ರು.

"ಅಡಿಗೆ ಮಾಡೋರ ಮನೇಲಿ ಬೇರೆ ಹುಳಿ ಇದ್ರೆ ಸಾರ್?" ಎಂದೆ.

ಅವರು ಕಿವಿಯ ಸೀಮೆಸುಣ್ಣ ತೆಗೆದು ಬೋರ್ಡಿನ ಮೇಲೆ ಆ ಗುರುತನ್ನು ಬರೆದರು, ಒರೆಸಿದರು. "ಇರಮ್ಮಾ, ನಂಗೂ ಗೊಂದ್ಲ ಆಯ್ತು."

ಪರೀಕ್ಷೆಗೆ ನಾಲ್ಕು ದಿನವಿತ್ತು; ಓದಿಕೊಳ್ಳಲೆಂದು ಎಲ್ಲರೂ ಅವರವರ ಊರಿಗೆ ಹೋಗಿದ್ದೆವು. ಬುಕ್ಕಾಂಬುಧಿಯ ನಮ್ಮ ಮನೆಮುಂದೆ ಮಟಮಟ ಮಧ್ಯಾಹ್ನ ಮೇಷ್ಟ್ರು ಸೈಕಲ್ಲಿನಿಂದ ಇಳಿದರು. ಅಜ್ಜಂಪುರದವರೆಗೆ ರೈಲು, ಅಲ್ಲಿಂದ ಬಾಡಿಗೆ ಸೈಕಲ್ಲು. ಅವ್ವ ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ನಾನು ಹೇಳಿದ್ದು ತಪ್ಪು ಕಣಮ್ಮಾ. ಬೆಂಗ್ಳೂರಿಗೋಗಿ ಮಿಷನ್ನಲ್ಲೇ ಹಾಕಿ ನೋಡ್ಕೊಂಡ್ ಬಂದೆ. ಪೆಟ್ಟಿಗೆ ಗುರುತಿದ್ರೆ ಅಡಿಗೆ ಮಾಡೋರ ಮನೇದು. ಇಂಥದ್ದೇ ಅಂತ ಹೆಸರು ಬರೆದಿಟ್ಟಿದ್ರೆ ಮಾತ್ರ ಬರೆದೋರ ಮನೇದು."

ಅವ್ವ ಗಾಬರಿಯಾದಳು. "ಯಾರ ಮನೇದು ಮೇಷ್ಟ್ರೇ? ಏನಾದ್ರೂ ಸಂಬಂಧ ಬಂದೈತಾ?"

ಮೇಷ್ಟ್ರು ನಕ್ಕು, ಆಮೇಲೆ ನೀರು ಕುಡಿದರು.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲೇ ಇಲ್ಲ. ಬಾರದ ಪ್ರಶ್ನೆಗಾಗಿ ಅಷ್ಟು ದೂರ ತುಳಿದುಕೊಂಡು ಬಂದದ್ದೇಕೆ ಎಂದು ಬಹಳ ದಿನ ನನಗೆ ಬಗೆಹರಿಯಲಿಲ್ಲ. ಮುಂದೆ ನಾನೂ ಪಾಠ ಹೇಳುವವಳಾದೆ. ಈಗಲೂ ಆ ಗುರುತು ಕಂಡರೆ ಯಾರ ಮನೆಯದೆಂದು ಒಂದು ಕ್ಷಣ ತಡವರಿಸುತ್ತೇನೆ.

ಮೇಷ್ಟ್ರು ತೀರಿಕೊಂಡಾಗ ಕಡೂರಿಗೆ ಹೋಗಿದ್ದೆ. ಆ ಮಧ್ಯಾಹ್ನದ ವಿಷಯ ತೆಗೆದಾಗ ಅವರ ಹೆಂಡತಿ ಹೇಳಿದರು: "ಐದು ಮನೆಗೂ ಹೋಗಿದ್ರು ಕಣಮ್ಮಾ. ಚೌಳಹಿರಿಯೂರಿನವನ ಮನೆಗೆ ಬೀಗ ಹಾಕಿತ್ತಂತೆ. ಮಾರನೇ ದಿನ ಮತ್ತೆ ಹೊರಟ್ರು. ಒಬ್ಬನೇ ಅಲ್ವಾ, ಬಿಡಿ ಅಂದೆ. ಅವ್ನಿಗೂ ತಪ್ಪು ಹೇಳಿದ್ದು ನಾನೇ ಅಲ್ವೇನೇ ಅಂತ ಚಪ್ಪಲಿ ಮೆಟ್ಕೊಂಡು ಹೋಗೇಬಿಟ್ರು."